ಏಳು ಊರುಗಳ ನಡುವಿನ ಬಯಲು

ಕಳೆದ ಜೂನಿನಲ್ಲಿ, ಮೊದಲ ಮಳೆ ಬಿದ್ದ ಮಧ್ಯಾಹ್ನ, ಸಯಾನ್ ಸ್ಟೇಷನ್ ದಾಟಿದ ನಮ್ಮ ಲೋಕಲ್ ಸುಮ್ಮನೆ ನಿಂತುಬಿಟ್ಟಿತು. ಕಾದ ಜಲ್ಲಿಯ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಲೇಡೀಸ್ ಡಬ್ಬಿಯೊಳಗೆ ನುಗ್ಗಿತು. ಅದರಲ್ಲಿ ತುಕ್ಕಿನ ವಾಸನೆ ಇತ್ತು, ಬ್ರೇಕು ಸುಟ್ಟ ಘಾಟು ಇತ್ತು, ಗಟಾರದ್ದೂ ಒಂದಿಷ್ಟು. ಆ ವಾಸನೆ ಬಂದರೆ ನಾನು ಬಾಗಿಲಿನಿಂದ ದೂರ ಸರಿದು ಕಂಬಿ ಹಿಡಿದುಕೊಳ್ಳುತ್ತೇನೆ. ಈಗಲೂ.

ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ ಆಟ ಆಡುತ್ತಿದ್ದಳು. ಅವಳ ಸವಾರ ಕುದುರೆ ಏರಿ ಒಂದು ದೊಡ್ಡ ಹುಲ್ಲುಗಾವಲು ದಾಟುತ್ತಿದ್ದ. ದೂರದಲ್ಲಿ ಬೆಟ್ಟ, ಅದರ ಮೇಲೆ ಮೋಡದ ನೆರಳು. ಅಷ್ಟರಲ್ಲಿ ಅವಳು ನಕ್ಷೆ ತೆರೆದು ಯಾವುದೋ ಕೋಟೆಯ ಮೇಲೆ ಬೆರಳಿಟ್ಟಳು. ಹುಲ್ಲುಗಾವಲು ಮಾಯವಾಗಿ ಕೋಟೆಯ ಬಾಗಿಲು ಬಂತು.

"ಅಯ್ಯೋ" ಎಂದುಬಿಟ್ಟೆ.

"ಕ್ಯಾ ಹುವಾ ಆಂಟಿ?"

"ಉಸ್ಕೋ ಚಲ್ನೇ ದೇತೀ ನಾ, ಬೇಟಾ." ಅವನನ್ನು ಅಷ್ಟು ದೂರ ಹೋಗಲು ಬಿಡಬಾರದಿತ್ತೇ ಎಂದೆ.

ಅವಳು ನಕ್ಕಳು. "ಬೋರ್ ಹೋತಾ ಹೈ ಆಂಟಿ. ಬೀಚ್ ಮೇ ಕುಛ್ ಹೈ ಹೀ ನಹೀ."

ನಡುವೆ ಏನೂ ಇಲ್ಲ. ಈ ಮಾತಿಗಾಗಿ ನಾನು ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಜಗಳ ಆಡಿದ್ದೆ. ಅದು ತೊಂಬತ್ತೊಂದರ ಮಳೆಗಾಲ.

ಆಗ ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂಬಯಿಯ ಫೋರ್ಟ್ ಪೇಟೆಯ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಕೆಳಗೆ ಉಡುಪಿ ಹೋಟೆಲು, ಮೇಲಿನ ಮಹಡಿಯಲ್ಲಿ ನಾವು. ಹನ್ನೊಂದು ಗಂಟೆಗೆ ಸಾಂಬಾರಿನ ಒಗ್ಗರಣೆ ಬಿದ್ದರೆ ಮೇಲೆ ಎಲ್ಲರ ಬೆರಳೂ ನಿಲ್ಲುತ್ತಿದ್ದವು. ಬಟ್ಟೆ ವ್ಯಾಪಾರಿಗಳಿಗೆ ಸ್ಟಾಕಿನ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಹೊಟ್ಟೆಪಾಡು. ಮಾಲೀಕರು ಶ್ರೀಕಂಠಯ್ಯ, ಮೈಸೂರಿನವರು, ಬ್ಯಾಂಕಿನ ಕೆಲಸ ಬಿಟ್ಟು ಕಂಪ್ಯೂಟರಿಗೆ ಮನಸೋತವರು. ಅವರಿಗೆ ಆ ವರ್ಷ ಒಂದು ಹುಚ್ಚು ಹಿಡಿದಿತ್ತು. ಆಫೀಸಿನ ದೊಡ್ಡ ಕಂಪ್ಯೂಟರಿಗೆ ಎರಡು ಫೋನ್ ಲೈನು ಕಟ್ಟಿ, ಮನೆಯಲ್ಲಿ ಕಂಪ್ಯೂಟರ್ ಇರುವವರು ಮೋಡೆಮ್ ಮೂಲಕ ಕರೆ ಮಾಡಿ ಒಂದೇ ಆಟದೊಳಗೆ ಬಂದು ಸೇರುವಂತೆ ಮಾಡಬೇಕು ಎಂದು. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಅಷ್ಟೇ. 'ಉತ್ತರ' ಎಂದು ಟೈಪ್ ಮಾಡಿದರೆ ಉತ್ತರಕ್ಕೆ ಹೋಗುತ್ತೀರಿ. ಅಲ್ಲಿ ಏನಿದೆ ಎಂದು ನಾಲ್ಕು ಸಾಲು ಬರುತ್ತದೆ. ಅಲ್ಲಿ ಬೇರೆ ಯಾರಾದರೂ ಇದ್ದರೆ ಅವರ ಹೆಸರು ಕಾಣುತ್ತದೆ, ಅವರೊಡನೆ ಮಾತಾಡಬಹುದು. ಆಟವೆಲ್ಲ ಇಂಗ್ಲಿಷಿನಲ್ಲಿತ್ತು. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆ ನಾಡಿನಲ್ಲಿ ಏಳು ಊರುಗಳು. ಊರುಗಳನ್ನು ನನ್ನ ಸಹೋದ್ಯೋಗಿ ಸುಧಾಕರ ಬರೆಯುತ್ತಿದ್ದರು, ಊರುಗಳ ನಡುವಿನದ್ದು ನನ್ನ ಪಾಲು. ಸುಧಾಕರ ಕಾಪು ಕಡೆಯವರು. ಭಾಂಡುಪಿನಲ್ಲಿ ಅಕ್ಕ ಭಾವನ ಮನೆಯಲ್ಲಿದ್ದರು. ನಮ್ಮ ಮನೆಯೂ ಭಾಂಡುಪಿನಲ್ಲೇ, ಎರಡು ಬಿಲ್ಡಿಂಗ್ ಆಚೆ. ಸಂಜೆ ಒಂದೇ ಲೋಕಲಿನಲ್ಲಿ ವಾಪಸಾಗುತ್ತಿದ್ದೆವು, ಅವರು ಜನರಲ್ ಡಬ್ಬಿ, ನಾನು ಲೇಡೀಸ್. ಅವರ ಊರುಗಳು ಗಿಜಿಗುಟ್ಟುತ್ತಿದ್ದವು. ಮೀನು ಮಾರುವವಳು ಬೈಯುತ್ತಿದ್ದಳು, ಕಳ್ಳರು ಜೇಬಿಗೆ ಕೈಹಾಕುತ್ತಿದ್ದರು. ನನ್ನ ಪಾಲಿನಲ್ಲಿ ಗಾಳಿ ಬಿಟ್ಟರೆ ಬೇರೇನಿಲ್ಲ.

ಹತ್ತು ವರ್ಷದವಳಾಗುವ ತನಕ ನಾನು ಬೆಳೆದದ್ದು ವಿಜಾಪುರದ ಕಡೆ. ಎರೆ ಹೊಲದ ನಡುವೆ ಬಸ್ಸು ಹೋಗುವಾಗ ಮುಂದಿನ ಊರು ಮೊದಲು ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಆಮೇಲೆ ಬೇವಿನ ಮರ, ಆಮೇಲೆ ಗುಮ್ಮಟ ಇದ್ದರೆ ಗುಮ್ಮಟ. ಕಂಡ ಮೇಲೂ ತಲುಪಲು ಬಹಳ ಹೊತ್ತು. ಮುಂಬಯಿಗೆ ಬಂದ ಮೇಲೆ ಯಾವ ಊರೂ ಹಾಗೆ ದೂರದಿಂದ ಕಾಣಲಿಲ್ಲ. ಒಂದು ಸ್ಟೇಷನ್ ಮುಗಿಯುವ ಮೊದಲೇ ಇನ್ನೊಂದರ ಗೋಡೆ ಶುರು. ಹಾಗಾಗಿ ನಾನು ಆ ಆಟದೊಳಗೆ ಬಯಲು ಬರೆದೆ. ಮುಂದಿನ ಊರಿನ ದೀಪ ಮೊದಲು ಚುಕ್ಕೆಯಾಗಿ ಕಾಣಬೇಕು. ಹಿಂದಿನ ಊರು ಮೆಲ್ಲಗೆ ಕರಗಬೇಕು. ಯಾರಾದರೂ ನಡೆದು ಹೋಗಿದ್ದರೆ, ಹಿಂದೆ ಬಂದವರಿಗೆ 'ಹೆಜ್ಜೆ ಗುರುತು ಇನ್ನೂ ಹಸಿಯಾಗಿದೆ' ಎಂಬ ಸಾಲು ಕಾಣಬೇಕು.

"ಇದೆಲ್ಲ ಎಂಥಕ್ಕೆ ಮಾರಾಯ್ರೆ?" ಸುಧಾಕರ ತಲೆ ಚಚ್ಚಿಕೊಂಡರು. "ಊರಿನ ಹೆಸರು ಟೈಪ್ ಮಾಡಿದ್ರೆ ಊರು ಬರ್ಬೇಕು. ದಿನಾ ಭಾಂಡುಪಿಂದ ವಿ.ಟಿ. ಸ್ಟೇಷನ್ ವರೆಗೆ ನೇತಾಡಿಕೊಂಡು ಬರುದು ಸಾಲ್ದಾ ಜನಕ್ಕೆ? ಆಟದಲ್ಲೂ ನಡೆಸುದಾ?"

"ದೂರ ಇಲ್ಲಾಂದ್ರ ಅದು ಇನ್ನೊಂದ ಊರು ಹೆಂಗ ಆಗ್ತದರೀ? ಗ್ವಾಡಿ ಆಚೆಗಿನ ಬಾಜೂ ಖೋಲಿ ಆಗ್ತದ."

"ಬಾಜೂ ಖೋಲಿ ಸಿಗುದೇ ಕಷ್ಟ ಈ ಬೊಂಬಾಯಿಯಲ್ಲಿ."

ಶ್ರೀಕಂಠಯ್ಯನವರು ಕನ್ನಡಕ ಹಣೆಗೇರಿಸಿ ನನ್ನ ಬಯಲಿನಲ್ಲಿ ನಡೆದು ನೋಡಿದರು. ಉತ್ತರ, ಉತ್ತರ, ಉತ್ತರ. "ಅಲ್ಲಮ್ಮಾ ಮಂಗಲಾ, ಮುಂಬಯಿಯಲ್ಲಿ ಖಾಲಿ ಜಾಗ ಬಿಡೋ ಬಿಲ್ಡರ್ ಅಂದ್ರೆ ನೀನೊಬ್ಬಳೇ ಕಣಮ್ಮ. ಇಷ್ಟು ಮೆಮೊರಿ ತಿನ್ನುತ್ತಲ್ಲ ಈ ಖಾಲಿ?" ಎಂದರು. ಆದರೆ ಅಳಿಸು ಎನ್ನಲಿಲ್ಲ. ದಾದರಿನ ಒಬ್ಬ ದಂತವೈದ್ಯರು ಆಗಲೇ ನಮ್ಮ ಆಟಕ್ಕೆ ಅಂಟಿಕೊಂಡಿದ್ದರು. ರೋಗಿಗಳಿಲ್ಲದ ಹೊತ್ತಿನಲ್ಲಿ ಕರೆ ಮಾಡಿ ಒಳಗೆ ಬರುತ್ತಿದ್ದರು. ಅವರದ್ದೂ ಅದೇ ದೂರು. ಇಷ್ಟು ನಡೆದೆ, ಏನೂ ಆಗಲಿಲ್ಲ. ಸಮುದ್ರದಂಡೆಯ ಏಳನೆಯ ಊರಿಗೆ ಹೋಗುವ ದಾರಿಯನ್ನು ನಾನಿನ್ನೂ ಮುಗಿಸಿರಲಿಲ್ಲ. ಅದು ಒಂದು ನದಿಯವರೆಗೆ ಬಂದು ನಿಂತಿತ್ತು. ಅಲ್ಲೊಂದು ಸೇತುವೆ ಬರೆಯಬೇಕಿತ್ತು.

ಜುಲೈಯಲ್ಲಿ ಮಳೆ ಹಿಡಿಯಿತು. ಒಂದು ದಿನ ಮಧ್ಯಾಹ್ನವೇ ಶ್ರೀಕಂಠಯ್ಯನವರು ಎಲ್ಲರನ್ನೂ ಮನೆಗೆ ಕಳಿಸಿದರು. ನಾವು ಹತ್ತಿದ ಲೋಕಲ್ ಸಯಾನ್ ದಾಟಿ ನಿಂತಿತು. ಹಳಿಯ ಮೇಲೆ ನೀರು. ಬಹಳ ಹೊತ್ತು ಕಾದೆವು. ಕೊನೆಗೆ ಮುಂಬಯಿಯವರು ಏನು ಮಾಡುತ್ತಾರೋ ಅದನ್ನೇ ಎಲ್ಲರೂ ಮಾಡಿದರು: ಕೆಳಗಿಳಿದು ಹಳಿಗುಂಟ ನಡೆಯತೊಡಗಿದರು. ಮುಂದಿನವರ ಹೆಗಲ ಮೇಲೆ ಹಿಂದಿನವರ ಕೈ, ಉದ್ದಕ್ಕೆ ಒಂದು ಸರಪಳಿ. ಯಾರಿಗೆ ಯಾರೂ ಪರಿಚಯವಿಲ್ಲ. ನನ್ನ ಮುಂದೆ ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತೇನೆಂದ ಒಬ್ಬ ಹೆಂಗಸು, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು, ಬಿದ್ದವರನ್ನು ಕಂಡು ನಗುತ್ತಾ ನಡೆಯುತ್ತಿದ್ದಳು. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ಸುಧಾಕರ ಹಿಂದಿನಿಂದ ಕೂಗಿದರು, "ಮಂಗಲಾ, ನಿಮ್ಮ ಬಯಲಿಗಿಂತ ಇದು ಅಡ್ಡಿಲ್ಲ! ಇಲ್ಲಿ ಕಡೆಪಕ್ಷ ಹೊಂಡ ಉಂಟು!"

ನಾವು ಬಂದಿದ್ದ ಸ್ಲೋ ಲೈನಿನ ಹಳಿ ಮುಳುಗಿತ್ತು. ಪಕ್ಕದ ಫಾಸ್ಟ್ ಲೈನಿನ ಜಲ್ಲಿ ಎತ್ತರದಲ್ಲಿತ್ತು, ನೀರು ಕೆಳಗಿತ್ತು. ಮುಂದಿನವರು ಅದಕ್ಕೆ ಹತ್ತಿದರು, ಹಿಂದಿನವರೂ ಹತ್ತಿದರು. ನಮ್ಮ ರೈಲು ನಿಂತಿದೆ ಎಂದ ಮೇಲೆ ಎಲ್ಲ ರೈಲೂ ನಿಂತಿದೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಅನುಮಾನವಿರಲಿಲ್ಲ. ನೀರು ಮೊದಲು ಇಳಿಯುವ ಹಳಿಯನ್ನು ನಾವು ಆರಿಸಿಕೊಂಡೆವು. ಮೊದಲ ರೈಲನ್ನು ಬಿಡುವವರೂ ಅದನ್ನೇ ಆರಿಸುತ್ತಾರೆ ಎಂದು ಹೊಳೆಯಲಿಲ್ಲ.

ಮುಂದೆ ನಾಲಾದ ಮೇಲಿನ ಸೇತುವೆ. ಕಾಲಿಡಲು ಹಳಿಯಡಿಯ ಅಡ್ಡ ಮರದ ಸ್ಲೀಪರುಗಳು, ನಡುನಡುವೆ ತೆರಪು, ಕೆಳಗೆ ಕಂದು ನೀರು. ಬದಿಯಲ್ಲಿ ನಿಲ್ಲಲು ಜಾಗವಿಲ್ಲ. ನಡುವಿಗೆ ಬಂದರೆ ಒಂದು ಮಾರು ಹತ್ತಿರಕ್ಕೆ ಬರುವ ನೀರಿನ ದಪ್ಪ ಪೈಪು ಮಾತ್ರ. "ಪಹಲೇ ಲೇಡೀಜ್! ಲೇಡೀಜ್ ಕೋ ಜಾನೇ ದೋ!" ಎಂದು ಗಂಡಸರು ನಿಂತು ದಾರಿ ಬಿಟ್ಟರು. ಸ್ಲೀಪರಿನಿಂದ ಸ್ಲೀಪರಿಗೆ ನಾವು ದಾಟಿದೆವು. ದಾಟಿ ಮಗ್ಗುಲಿಗೆ ಇಳಿದು ನಾನು ತಿರುಗಿ ನಿಂತೆ. ಗಂಡಸರು ಸೇತುವೆಯ ಮೇಲೆ ಬಂದಿದ್ದರು. ಸುಧಾಕರ ನಡುವಿನಲ್ಲಿದ್ದರು, ಚಪ್ಪಲಿ ಕೈಯಲ್ಲಿ ಹಿಡಿದು.

ಅವರ ಹಿಂದೆ, ಮಳೆಯೊಳಗೆ, ಒಂದು ದೀಪ.

ಆಮೇಲೆ ಆದದ್ದನ್ನು ನಾನು ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ದೀಪ ಹಳದಿಯಿತ್ತು. ಇಲ್ಲ, ಮೊದಲು ಬಿಳಿ, ಆಮೇಲೆ ಹಳದಿ. ಅದು ಚಲಿಸುತ್ತಿದೆ ಎಂದು ನನಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ ಕಿರುಚಿದೆ. ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಎರಡೂ ಕೈ ಮೇಲೆತ್ತಿ ಬೀಸಿದೆ. ನನ್ನ ಪಕ್ಕದ ಹೆಂಗಸರೂ ಬೀಸಿದರು. ಸುಧಾಕರ ಅದನ್ನು ನೋಡಿದರು. ನೋಡಿ ನಕ್ಕು, ಚಪ್ಪಲಿ ಹಿಡಿದ ಕೈಯನ್ನು ನಮ್ಮ ಕಡೆ ಬೀಸಿದರು.

ಆಮೇಲೆ ಹಾರ್ನು. ಸೇತುವೆಯ ಈ ತುದಿಯಲ್ಲಿದ್ದವರು ಓಡಿ ಬಂದರು, ಆ ತುದಿಯವರು ಕೆಳಗೆ ಹಾರಿದರು. ನಡುವಿನಲ್ಲಿದ್ದವರು ಪೈಪಿನ ಮೇಲೆ ಜಿಗಿದರು. ರೈಲು ನಿಧಾನವಾಗಿಯೇ ಬಂತು, ಬ್ರೇಕು ಕಿರುಚುತ್ತಾ ಸೇತುವೆಯ ಮೇಲೆಯೇ ನಿಂತಿತು. ಯಾರೂ ಸಾಯಲಿಲ್ಲ. ಇದನ್ನು ಬರೆಯುವಾಗಲೂ ಈ ವಾಕ್ಯವನ್ನು ಎರಡು ಸಲ ಓದಿಕೊಂಡೆ. ಯಾರೂ ಸಾಯಲಿಲ್ಲ. ಸುಧಾಕರ ಜಿಗಿಯುವಾಗ ಸೇತುವೆಯ ಉಕ್ಕಿನ ಗರ್ಡರಿಗೂ ಪೈಪಿಗೂ ನಡುವೆ ಅವರ ಕಾಲು ಸಿಕ್ಕಿಕೊಂಡು ಮೊಣಕಾಲಿನ ಕೆಳಗೆ ಮುರಿಯಿತು. ನಿಂತ ರೈಲು ನಮ್ಮ ನಡುವೆ ಗೋಡೆಯಂತಿತ್ತು. ಆಚೆಯ ಜನ ಹಳಿ ಪಕ್ಕದ ಗುಡಿಸಲುಗಳಿಂದ ಎರಡು ಮೂರು ಸೀರೆ ತಂದು ಗಂಟುಹಾಕಿ ಅವರನ್ನು ಎಳೆದುಕೊಂಡರಂತೆ. ನಾನು ನೋಡಲಿಲ್ಲ. ಚೀಲ ಹೊಲಿಯುವ ಆ ಹೆಂಗಸು ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದಿದ್ದಳು.

ಮರುವಾರದಿಂದ ನಾನು ಬಸ್ಸಿನಲ್ಲಿ ಆಫೀಸಿಗೆ ಹೋಗತೊಡಗಿದೆ. ಎರಡು ಬಸ್ಸು, ಅರ್ಧ ದಿನ ರಸ್ತೆಯಲ್ಲೇ. "ರೈಲ್ ಪಾಸ್ ಹಂಗ ಬಿದ್ದದಲ್ಲವ್ವಾ," ಎಂದಳು ಅವ್ವ. ಇನ್ನೇನೋ ಹೇಳಲು ಹೊರಟವಳು ನನ್ನ ಮುಖ ನೋಡಿ ಚಹಾಕ್ಕೆ ನೀರಿಟ್ಟಳು.

ಸುಧಾಕರರ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು. ದೀಪಾವಳಿಯವರೆಗೆ ಏಳುವ ಹಾಗಿಲ್ಲ. ಎದ್ದ ಮೇಲೂ ಮೊದಲಿನಂತೆ ನಡೆಯುತ್ತಾರೆಂದು ಹೇಳಲಾಗದು ಎಂದರು ಡಾಕ್ಟರು. ಅವರ ಭಾವ ಟೆಲಿಫೋನ್ ಇಲಾಖೆಯಲ್ಲಿದ್ದುದರಿಂದ ಮನೆಯಲ್ಲಿ ಫೋನಿತ್ತು. ಶ್ರೀಕಂಠಯ್ಯನವರು ಆಫೀಸಿನ ಒಂದು ಹಳೆಯ ಕಂಪ್ಯೂಟರನ್ನೂ ಮೋಡೆಮನ್ನೂ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಭಾಂಡುಪಿಗೆ ಹೋಗಿ ಅವರ ಮಂಚದ ಪಕ್ಕ ಇಟ್ಟುಬಂದರು. "ಮಲ್ಕೊಂಡು ಕೆಲಸ ಮಾಡೋ ಮೊದಲನೇ ನೌಕರ ಕಣಯ್ಯಾ ನೀನು," ಎಂದರಂತೆ.

ಆದರೆ ಸುಧಾಕರ ಊರುಗಳನ್ನು ಬರೆಯಲಿಲ್ಲ. ದಿನವೂ ಆಟದೊಳಗೆ ಬಂದು ನನ್ನ ಬಯಲಿನಲ್ಲಿ ನಡೆಯುತ್ತಿದ್ದರು. ನನ್ನ ಟರ್ಮಿನಲಿನ ಪರದೆಯಲ್ಲಿ ಎಲ್ಲ ಕಾಣುತ್ತಿತ್ತು. ಉತ್ತರ, ಉತ್ತರ. ಸ್ವಲ್ಪ ನಿಲ್ಲುವುದು. ಮತ್ತೆ ಉತ್ತರ. ಒಂದು ಮಧ್ಯಾಹ್ನ ಪರದೆಯ ಮೇಲೆ ಅವರ ಸಾಲು ಮೂಡಿತು: 'ನದಿ ಹತ್ರ ಇದ್ದೇನೆ. ಸೇತುವೆ ಎಲ್ಲಿ?'

ಸೇತುವೆಯನ್ನು ಬರೆಯಲು ನಾನು ಕೂತಿದ್ದೆ, ಒಂದಲ್ಲ ಹಲವು ಸಲ. 'ನಿಮ್ಮ ಕಾಲ ಕೆಳಗೆ ನೀರು' ಎಂದು ಟೈಪ್ ಮಾಡುವಷ್ಟರಲ್ಲಿ ಬೆನ್ನ ಹಿಂದೆ ಆ ದೀಪ ಬರುತ್ತಿತ್ತು. ತಿರುಗಿ ನೋಡಿದರೆ ಆಫೀಸಿನ ಗೋಡೆ. ಬಯಲಿಗಾಗಿ ಅಷ್ಟು ವಾದ ಮಾಡಿದವಳಿಗೆ ಈಗ ಎರಡು ಜಾಗಗಳ ನಡುವೆ ಇರುವುದೆಲ್ಲದರ ಭಯ ಹಿಡಿದಿತ್ತು. ಏಳೂ ಊರುಗಳನ್ನು ಪಕ್ಕಪಕ್ಕಕ್ಕೆ ತಂದು ಗೋಡೆಗೆ ಗೋಡೆ ಅಂಟಿಸಿಬಿಡೋಣ ಎನ್ನಿಸುತ್ತಿತ್ತು.

ಭಾನುವಾರ ಅವರನ್ನು ನೋಡಲು ಹೋದೆ. ಅವರ ಅಕ್ಕ ಬಾಗಿಲು ತೆಗೆದವರೇ, "ಬನ್ನಿ, ನೀವಾದ್ರೂ ಹೇಳಿ ಇವನಿಗೆ. ಊಟ ಬೇಡ, ಪೇಪರ್ ಬೇಡ, ದಿನವಿಡೀ ಆ ಪೆಟ್ಟಿಗೆಯೊಳಗೆ ಅಲೆಯುದು," ಎಂದು ಒಳಗೆ ಕಳಿಸಿದರು.

ಸುಧಾಕರ ಸೊರಗಿದ್ದರು. ನಾನು ಕೂರುವ ಮೊದಲೇ ಹೇಳಿದೆ, "ಸೇತುವೆ ಬ್ಯಾಡರೀ. ನೀವು ಅಂದಿದ್ದೇ ಖರೆ. ಊರಿನ ಹೆಸರು ಟೈಪ್ ಮಾಡಿದ್ರ ಊರು ಬರೂ ಹಂಗ ಮಾಡಿಬಿಡ್ತೀನಿ. ಒಂದ ದಿನದ ಕೆಲಸ."

"ಈಗ ಹೇಳ್ತೀರಾ? ಎರಡು ಕಾಲು ಸರಿ ಇರುವಾಗ ಹೇಳ್ಬಹುದಿತ್ತಲ್ಲ!" ನಗಲು ನೋಡಿದರು, ಆಗಲಿಲ್ಲ. ಪ್ಲಾಸ್ಟರಿನ ಅಂಚು ಕೆರೆದುಕೊಂಡರು. "ನೀವು ದಾಟಿದಿರಿ ಮಂಗಲಾ. ನನ್ನನ್ನು ಆ ಜನ ಹಿಂದಕ್ಕೆ ಎಳೆದ್ರು, ಸಯಾನ್ ಬದಿಗೆ. ಅಲ್ಲಿಂದ ಆಸ್ಪತ್ರೆ, ಅಲ್ಲಿಂದ ಮನೆಗೆ ಬರುವಾಗ ಟ್ಯಾಕ್ಸಿ. ಕಣ್ಣು ಮುಚ್ಚಿದ್ರೆ ಈಗ್ಲೂ ಅಲ್ಲೇ ಇದ್ದೇನೆ, ಮಧ್ಯದಲ್ಲಿ. ಆಚೆ ಬದಿಗೆ ಬಂದೇ ಇಲ್ಲ ಮಾರಾಯ್ರೆ ನಾನು."

ಹೊರಗೆ ಲೋಕಲೊಂದು ಹೋಯಿತು.

"ನಾನು ಕೈ ಬೀಸಿದ್ದು ನಿಮಗ ಬ್ಯಾರೆ ಥರಾ ಕಂಡಿತ್ತಲ್ರೀ," ಎಂದೆ.

"ಬೇಗ ಬಾ ಅಂತ ಕರೀತಿದ್ದೀರಿ ಅಂದ್ಕೊಂಡೆ. ಅದಕ್ಕೇ ಕಾಲು ಚುರುಕು ಮಾಡಿದೆ ಮತ್ತೆ. ಇಲ್ಲದಿದ್ರೆ ಪೈಪು ಇರುವಲ್ಲಿಗೂ ಬರ್ತಿರ್ಲಿಲ್ಲ." ಇದನ್ನು ಅವರು ಯಾವ ಭಾರವೂ ಇಲ್ಲದೆ ಹೇಳಿದರು. ನಾನು ಎಷ್ಟೋ ವಾರಗಳಿಂದ ಹೊತ್ತಿದ್ದ ಒಂದು ಚಿತ್ರದ ಇನ್ನೊಂದು ಮಗ್ಗುಲು ಅದು. "ಉದ್ದ ಬರೀರಿ," ಎಂದರು ಆಮೇಲೆ. "ನಡೆದು ನಡೆದು ದಾಟಿದ್ದೇನೆ ಅಂತ ಅನ್ನಿಸ್ಬೇಕು."

ಮರುದಿನ ಊಟದ ನಂತರ ಬರೆಯಲು ಕೂತೆ. ನನಗೆ ಗೊತ್ತಿದ್ದ ಸೇತುವೆಯನ್ನು ಬರೆಯಲಿಲ್ಲ, ಅಲ್ಲಿ ಇರಬೇಕಾಗಿದ್ದ ಸೇತುವೆಯನ್ನು ಬರೆದೆ. ಅಗಲವಾದ ಕಲ್ಲಿನ ಹಾಸು. ಪ್ರತಿ ಕಮಾನಿಗೂ ಬದಿಗೆ ಚಾಚಿದ, ನಾಲ್ಕು ಜನ ಆರಾಮಾಗಿ ಕೂರುವಂಥ ಕಟ್ಟೆ. ಗಾಳಿಯಲ್ಲಿ ಉಪ್ಪಿನ ವಾಸನೆ, ಮೊದಲು ಇಲ್ಲವೆಂಬಂತೆ, ಆಮೇಲೆ ತುಟಿಗೆ ಅಂಟುವಂತೆ. ದೂರದಲ್ಲಿ ಏಳನೆಯ ಊರಿನ ದೀಪ. ಆ ದೀಪದ ಬಳಿ ಬಂದಾಗ ನನ್ನ ಬೆರಳು ನಿಂತವು. ದೀಪ ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದು, 'ಅದು ಇದ್ದಲ್ಲೇ ಇದೆ. ನೀವೇ ಅದರ ಹತ್ತಿರ ಹೋಗುತ್ತಿದ್ದೀರಿ' ಎಂದು ಸೇರಿಸಿದೆ. ಆ ವಾಕ್ಯ ಬಂದ ಮೇಲೆ ಬೆನ್ನು ಸಡಿಲವಾಯಿತು. ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿಕೊಂಡು ಕುಡಿದೆ. ಆ ವಾರವೆಲ್ಲ ಬರೆದೆ. ಸರಪಳಿಯನ್ನೂ ಬರೆದೆ: ಒಬ್ಬರ ಹಿಂದೆ ಒಬ್ಬರು ಹೆಗಲು ಹಿಡಿದರೆ, ಮುಂದಿನವರು ನಡೆದಲ್ಲಿಗೆ ಹಿಂದಿನವರೆಲ್ಲ ತಾವಾಗಿಯೇ ಬರುವಂತೆ.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಶ್ರೀಕಂಠಯ್ಯನವರು ಆಫೀಸು ತೆರೆದರು. ನಾನು ಆಟದೊಳಗೆ ಆಚೆ ದಡದಲ್ಲಿ ಹೋಗಿ ನಿಂತೆ. ಅವರು ಇನ್ನೊಂದು ಟರ್ಮಿನಲಿನಲ್ಲಿ, ಈಚೆ ದಡದಲ್ಲಿ. ಸುಧಾಕರ ಭಾಂಡುಪಿನಿಂದ ಬಂದರು. ಎರಡನೆಯ ಲೈನಿನಲ್ಲಿ ದಂತವೈದ್ಯರು. ಅವರಿಗೆ ಯಾವ ಕಥೆಯೂ ಗೊತ್ತಿರಲಿಲ್ಲ.

'ಇದರ ಮೇಲೆ ಏನಿದೆ?' ಎಂದು ಕೇಳಿದರು ದಂತವೈದ್ಯರು.

'ನಡೀಬಹುದು,' ಎಂದರು ಸುಧಾಕರ. 'ಹೆಗಲು ಹಿಡ್ಕೊಳ್ಳಿ.'

ನನ್ನ ಪರದೆಯ ಮೇಲೆ ನೀರು, ಗಾಳಿ, ಖಾಲಿ ಸೇತುವೆ. ಬಹಳ ಹೊತ್ತು ಏನೂ ಬದಲಾಗಲಿಲ್ಲ. ಶ್ರೀಕಂಠಯ್ಯನವರು ತಮ್ಮ ಟರ್ಮಿನಲಿನಿಂದಲೇ ವರದಿ ಒಪ್ಪಿಸುತ್ತಿದ್ದರು, "ಅರ್ಧ ಬಂದ್ವಿ ಕಣಮ್ಮ. ಅಯ್ಯೋ, ಈ ಡಾಕ್ಟ್ರು ಕಟ್ಟೆ ಮೇಲೆ ಕೂತ್ಬಿಟ್ರು! ಏಳ್ರೀ ಸ್ವಾಮಿ! ಹಾಂ, ಎದ್ರು." ಕೊನೆಗೆ ಕಪ್ಪು ಪರದೆಯ ಕೆಳಗೆ ಒಂದು ಸಾಲು ಮೂಡಿತು.

'ಸುಧಾಕರ ಬಂದು ಸೇರಿದ.'

ಅದು ಯಾರು ಎಲ್ಲಿಗೆ ಬಂದರೂ ಪ್ರೋಗ್ರಾಂ ತಾನಾಗಿ ತೋರಿಸುವ ಸಾಲು. ದಿನಕ್ಕೆ ನೂರು ಸಲ ಕಂಡದ್ದು. ಶ್ರೀಕಂಠಯ್ಯನವರು ಎದ್ದು ಬಂದು ನನ್ನ ಪರದೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, "ಖಾಲಿ ಜಾಗ ಪರವಾಗಿಲ್ಲ ಕಣಮ್ಮ," ಎಂದು ಕಾಫಿ ತರಿಸಲು ಹೋದರು.

ದೀಪಾವಳಿ ಕಳೆದ ಮೇಲೆ ಸುಧಾಕರ ಕೋಲು ಹಿಡಿದು ಆಫೀಸಿಗೆ ಬಂದರು, ಭಾವನ ಜೊತೆ ಟ್ಯಾಕ್ಸಿಯಲ್ಲಿ. ಕಾಲು ಸ್ವಲ್ಪ ಎಳೆಯುತ್ತಿದ್ದರು, ಆದರೆ ನಡೆಯುತ್ತಿದ್ದರು. ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ನಾನು ಬಸ್ಸಿಗೆ ಹೊರಟಿದ್ದೆ.

"ವಿ.ಟಿ.ಗೆ ಬರ್ತೀರಾ?" ಎಂದರು. "ಒಬ್ನಿಗೆ ಹೆದರಿಕೆ ಆಗ್ತದೆ."

"ನನಗೇನು ಆಗೂದಿಲ್ಲ ಅಂದ್ಕೊಂಡೀರೇನು?"

"ಹಾಗಾದ್ರೆ ಸರಿಯಾಯ್ತು. ಇಬ್ರಿಗೂ ಆಗ್ತದಲ್ಲ."

ಜನ ಕಡಿಮೆಯಿದ್ದ ಹೊತ್ತು. ನಾನೂ ಜನರಲ್ ಡಬ್ಬಿಗೇ ಹತ್ತಿದೆ. ಬಿಸಿಲಿತ್ತು. ಅವರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ ಹಿಡಿದು ಬಾಗಿಲಿನ ಹತ್ತಿರವೇ ನಿಂತರು. ಅಲ್ಲಿ ಬೇಡ ಎಂದು ನಾನು ಹೇಳಲಿಲ್ಲ. ದಾದರ್, ಮಾಟುಂಗಾ, ಸಯಾನ್. ಕಣ್ಣು ಮುಚ್ಚಬಾರದು ಎಂದು ನಾನು ಹಲ್ಲು ಕಚ್ಚಿದ್ದೆ.

ಗಾಲಿಯ ಸದ್ದು ಬದಲಾಯಿತು. ಗರ್ಡರುಗಳು ಸರ್ರನೆ ಸರಿದವು. ಪೈಪು ಕಂಡಿತು, ಅದರ ಮೇಲೆ ಎರಡು ಕಾಗೆ. ತೆಳ್ಳಗೆ ಹರಿಯುತ್ತಿದ್ದ ಕಪ್ಪು ನೀರು. ನಾನು ಎಳೆದುಕೊಂಡ ಉಸಿರು ಬಿಡುವ ಮೊದಲೇ ಗಾಲಿಯ ಸದ್ದು ಮತ್ತೆ ಮೊದಲಿನಂತಾಯಿತು.

ಸುಧಾಕರ ಬಾಗಿಲಿನಿಂದ ಹಿಂದಕ್ಕೆ ಕತ್ತು ಚಾಚಿ ನೋಡಿದರು. "ಇಷ್ಟೆಯಾ?"

"ಇಷ್ಟ ಅದ ನೋಡ್ರಿ."

"ನೀವು ಎಷ್ಟುದ್ದ ಬರೆದಿದ್ದೀರಿ ಮಾರಾಯ್ರೆ! ಆ ದಿನ ನಡೆದು ನಡೆದು ನನಗೆ ಬೆರಳು ನೋವು."

"ಸಣ್ಣದು ಮಾಡ್ಲೇನು?"

ಅವರು ಸ್ವಲ್ಪ ಯೋಚಿಸಿದರು. ಮುಖದ ಮೇಲೆ ಬಿಸಿಲು ಬಿದ್ದಿತ್ತು. "ಬೇಡ, ಹಾಗೇ ಇರ್ಲಿ," ಎಂದರು. "ಕುರ್ಲಾ ಬಂತು. ಎಲ್ಲಾದ್ರೂ ಸೀಟು ಸಿಕ್ತದಾ ನೋಡಿ, ಕಾಲು ನೋಯ್ತಾ ಉಂಟು."